ಓದುಗರ ಪ್ರಶ್ನೆ: ಕಡಲತಡಿಯ ಹಳೇ ಊರುಗಳಿಗೆ ಹೋಗುವ ಮುನ್ನ

ಸಮುದ್ರದೊಳಗಿನ ಕೋಟೆ, ದಡದ ಗುಡಿ, ಹಳೇ ಬಂದರು ಪಟ್ಟಣ, ಅಲ್ಲಿನ ಉತ್ಸವಗಳ ಬಗ್ಗೆ ಬಂದ ಪತ್ರಗಳಲ್ಲಿ ಕೆಲವಕ್ಕೆ ಈ ಬಾರಿ ಉತ್ತರ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಒಂದಾಗಿಸಿದ್ದೇವೆ.

ಪ್ರಶ್ನೆ: ಮುಂಬೈ ಬಳಿಯ ಅಲಿಬಾಗಿನ ಕೊಲಾಬಾ ಕೋಟೆಗೆ ನೀರು ಇಳಿದಾಗ ನಡೆದೇ ಹೋಗಬಹುದಂತೆ. ಉಬ್ಬರ-ಇಳಿತದ ಪಟ್ಟಿ ಮೊಬೈಲಿನಲ್ಲೇ ಸಿಗುತ್ತದೆ. ಆದರೆ ಅದನ್ನು ನೋಡಿ ಯಾವಾಗ ಹೊರಡಬೇಕು, ಯಾವಾಗ ಹಿಂತಿರುಗಬೇಕು ಎಂದು ಲೆಕ್ಕ ಹಾಕುವುದು ಹೇಗೆ?

ಪಟ್ಟಿಯಲ್ಲಿ ಒಂದು ದಿನಕ್ಕೆ ಸಾಮಾನ್ಯವಾಗಿ ನಾಲ್ಕು ಸಾಲು ಇರುತ್ತವೆ: ಎರಡು ಉಬ್ಬರ, ಎರಡು ಇಳಿತ. ಪ್ರತಿ ಸಾಲಿನಲ್ಲೂ ಒಂದು ಹೊತ್ತು, ಒಂದು ಎತ್ತರ. ಬಹುತೇಕರು ಹೊತ್ತು ನೋಡಿ ಹೊರಟುಬಿಡುತ್ತಾರೆ. ಎತ್ತರವನ್ನೂ ನೋಡಬೇಕು. ಇಳಿತ ಎಂದು ಬರೆದಿದ್ದ ಮಾತ್ರಕ್ಕೆ ದಾರಿ ಬಿಟ್ಟುಕೊಡುತ್ತದೆ ಎಂದೇನಿಲ್ಲ. ಅಮಾವಾಸ್ಯೆ, ಹುಣ್ಣಿಮೆ ಕಳೆದು ಒಂದೆರಡು ದಿನದಲ್ಲಿ ನೀರು ತುಂಬಾ ಮೇಲೆ ಏರುತ್ತದೆ, ಅಷ್ಟೇ ಕೆಳಗೂ ಸರಿಯುತ್ತದೆ. ಅಷ್ಟಮಿಯ ಆಸುಪಾಸಿನಲ್ಲಿ ಏರುವುದೂ ಕಡಿಮೆ, ಇಳಿಯುವುದೂ ಕಡಿಮೆ. ಆ ದಿನಗಳಲ್ಲಿ ಇಳಿತದ ಹೊತ್ತಿಗೆ ಹೋದರೂ ನಡುದಾರಿಯಲ್ಲಿ ಮೊಣಕಾಲುದ್ದ ನೀರು ನಿಂತಿರಬಹುದು.

ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ದಿನದಿಂದ ದಿನಕ್ಕೆ ಹೊತ್ತು ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಶನಿವಾರ ಹತ್ತಕ್ಕೆ ಇಳಿತವಿತ್ತೆಂದು ಕೇಳಿ ಮುಂದಿನ ಶನಿವಾರ ಹತ್ತಕ್ಕೆ ಹೋದರೆ ಕಾಣುವುದು ಉಬ್ಬರ. ಇನ್ನೊಂದು ವಿಷಯ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ: ಒಂದು ಜಾಗದಲ್ಲಿ ಹುಣ್ಣಿಮೆ-ಅಮಾವಾಸ್ಯೆಯ ದೊಡ್ಡ ಉಬ್ಬರ ಪ್ರತಿಸಲವೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಬರುತ್ತದೆ. ಮುಂಬೈ ಕರಾವಳಿಯಲ್ಲಿ ಅದು ಮಧ್ಯಾಹ್ನ ಮತ್ತು ನಡುರಾತ್ರಿಯ ಸುಮಾರಿಗೆ. ಅಂದರೆ ದೊಡ್ಡ ಇಳಿತ ಮುಂಜಾನೆ ಮತ್ತು ಮುಸ್ಸಂಜೆಗೆ. ಆದ್ದರಿಂದ ಕೊಲಾಬಾ ಕೋಟೆಗೆ ಹುಣ್ಣಿಮೆ ಅಥವಾ ಅಮಾವಾಸ್ಯೆ ಕಳೆದ ಎರಡು-ಮೂರನೇ ದಿನ ಆರಿಸಿಕೊಳ್ಳಿ. ಆಗ ಇಳಿತ ಬೆಳಗಿನ ಎಂಟು-ಒಂಬತ್ತರ ಸುಮಾರಿಗೆ ಬೀಳುತ್ತದೆ, ನೀರೂ ಚೆನ್ನಾಗಿ ಸರಿದಿರುತ್ತದೆ.

ಇನ್ನು ನಡಿಗೆಯ ಲೆಕ್ಕ. ಇಳಿತ 8.40ಕ್ಕೆ ಎಂದಿಟ್ಟುಕೊಳ್ಳಿ. ದಾರಿ ಕಾಣತೊಡಗಿದ ಮೇಲೆ, ಸುಮಾರು 7.15ಕ್ಕೆ ಹೊರಡಿ. ಕೋಟೆಯಿಂದ 9.10ರೊಳಗೆ ಕೆಳಗಿಳಿಯಿರಿ. ಇಳಿತಕ್ಕೆ ಸರಿಯಾಗಿ ಹೊರಟವರಿಗೆ ವಾಪಸಿಗೆ ಸಮಯ ಸಾಲದೇ ಹೋಗುತ್ತದೆ, ಏಕೆಂದರೆ ನೀರು ಒಂದೇ ವೇಗದಲ್ಲಿ ಏರುವುದಿಲ್ಲ. ಇಳಿತದಿಂದ ಉಬ್ಬರಕ್ಕೆ ಆರು ಗಂಟೆ ಎಂದು ಹಿಡಿದು, ಒಟ್ಟು ಏರುವ ನೀರನ್ನು ಹನ್ನೆರಡು ಪಾಲು ಮಾಡಿ. ಮೊದಲ ಗಂಟೆ ಒಂದು ಪಾಲು, ಎರಡನೇ ಗಂಟೆ ಎರಡು, ಮೂರು-ನಾಲ್ಕನೇ ಗಂಟೆಗಳಲ್ಲಿ ಮೂರು ಮೂರು, ಐದರಲ್ಲಿ ಎರಡು, ಆರರಲ್ಲಿ ಒಂದು. ಒಟ್ಟು ಏರಿಕೆ 3 ಮೀಟರ್ ಇದ್ದರೆ ಮೊದಲ ಗಂಟೆಯಲ್ಲಿ ಬರೀ 25 ಸೆಂಟಿಮೀಟರ್. ಮೂರನೇ ಗಂಟೆಯೊಂದರಲ್ಲೇ 75. ಮೊದಲ ಗಂಟೆಯ ನಿಧಾನ ನೋಡಿಯೇ ಜನ ಮೋಸಹೋಗುವುದು.

ನೀರು ಎದುರಿನಿಂದಷ್ಟೇ ಬರುತ್ತದೆ ಎಂದುಕೊಳ್ಳಬೇಡಿ. ಮರಳಿನಲ್ಲಿ ಕಣ್ಣಿಗೆ ಕಾಣದ ತಗ್ಗುಗಳಿರುತ್ತವೆ. ಅವು ಮೊದಲು ತುಂಬುತ್ತವೆ. ನೀವು ನಿಂತ ದಿಬ್ಬ ಒಣಗಿದ್ದಾಗಲೇ ನಿಮಗೂ ದಡಕ್ಕೂ ನಡುವೆ ಸೊಂಟದ ಮಟ್ಟದ ಕಾಲುವೆ ಆಗಿರಬಹುದು. ಹೋಗುವಾಗ ಒಮ್ಮೆ ಹಿಂದೆ ತಿರುಗಿ, ದಾರಿಯಲ್ಲಿ ಎಲ್ಲಿ ಹೆಚ್ಚು ಒದ್ದೆಯಿದೆ ಎಂದು ಗುರುತಿಟ್ಟುಕೊಳ್ಳಿ. ಅಲ್ಲಿ ನೀರು ಹರಿಯತೊಡಗಿತೆಂದರೆ ಫೋಟೊ ಸಾಕು, ಹೊರಡಿ.

ಪಟ್ಟಿ ಯಾವ ಬಂದರಿನದ್ದು ಎಂದೂ ನೋಡಿ. ಪಕ್ಕದ ಬಂದರಿಗೂ ನೀವು ಹೋಗುವ ಜಾಗಕ್ಕೂ ಅರ್ಧ-ಮುಕ್ಕಾಲು ಗಂಟೆ ವ್ಯತ್ಯಾಸ ಇರಬಹುದು. ಬ್ರಿಟನ್ನಿನ ಕೆಲವು ಪಟ್ಟಿಗಳು ಬೇಸಿಗೆಯಲ್ಲೂ ಗ್ರೀನಿಚ್ ಸಮಯದಲ್ಲೇ ಇರುತ್ತವೆ. ಗಡಿಯಾರಕ್ಕೆ ಹೊಂದಿಸಲು ಒಂದು ಗಂಟೆ ಕೂಡಿಸಬೇಕು. ದಡದ ಕಡೆಗೆ ಜೋರು ಗಾಳಿ ಇದ್ದರೆ, ವಾಯುಭಾರ ಕುಸಿದಿದ್ದರೆ ನೀರು ಪಟ್ಟಿಗಿಂತ ಮೇಲೇ ಇರುತ್ತದೆ. ವಾಯುಭಾರ ಒಂದು ಹೆಕ್ಟೊಪಾಸ್ಕಲ್ (ಅದನ್ನು ಅಳೆಯುವ ಮಾನ) ಇಳಿದರೆ ಸುಮಾರು ಒಂದು ಸೆಂಟಿಮೀಟರ್ ಏರಿಕೆ. ಪಟ್ಟಿ ಚಂದ್ರ-ಸೂರ್ಯರದ್ದು, ಅದರಲ್ಲಿ ಹವಾಮಾನ ಸೇರಿಲ್ಲ.

ಇಂಗ್ಲೆಂಡಿನ ಲಿಂಡಿಸ್‌ಫಾರ್ನ್ ದ್ವೀಪಕ್ಕೆ ಹೋಗುವವರಿಗೂ ಇದೇ ಮಾತು. ಅಲ್ಲಿನ ರಸ್ತೆ ದಿನಕ್ಕೆರಡು ಬಾರಿ ಮುಳುಗುತ್ತದೆ. ದಾಟಲು ಸುರಕ್ಷಿತ ಹೊತ್ತುಗಳನ್ನು ಪ್ರಕಟಿಸುತ್ತಾರೆ, ದಾರಿಯಲ್ಲೇ ಕಂಬಗಳ ಮೇಲೆ ಆಸರೆಯ ಗೂಡೊಂದನ್ನೂ ಕಟ್ಟಿದ್ದಾರೆ. ಆದರೂ ಕಾರುಗಳು ಸಿಕ್ಕಿಹಾಕಿಕೊಳ್ಳುವುದು ನಿಂತಿಲ್ಲ.

ಪ್ರಶ್ನೆ: ಗುಜರಾತಿನ ಕೋಳಿಯಾಕದ ನಿಷ್ಕಳಂಕ ಮಹಾದೇವನ ಜಾತ್ರೆ ಅಮಾವಾಸ್ಯೆಯಂದೇ ಏಕೆ?

ಧಾರ್ಮಿಕ ಕಾರಣ ಏನೇ ಇರಲಿ, ಕಡಲಿನ ಲೆಕ್ಕಕ್ಕೂ ಅದು ಹೊಂದುತ್ತದೆ. ಭಾವನಗರದ ಹತ್ತಿರದ ಈ ಲಿಂಗಗಳು ದಡದಿಂದ ದೂರ, ಸಮುದ್ರದೊಳಗಿನ ಕಲ್ಲುಹಾಸಿನ ಮೇಲಿವೆ. ಉಬ್ಬರದಲ್ಲಿ ಧ್ವಜಸ್ತಂಭ ಬಿಟ್ಟರೆ ಹೆಚ್ಚೇನೂ ಕಾಣದು. ಖಂಭಾತ್ ಕೊಲ್ಲಿಯ ಏರಿಳಿತ ಭಾರತದಲ್ಲೇ ಅತಿ ದೊಡ್ಡದು. ಅಮಾವಾಸ್ಯೆಯ ಸುಮಾರಿಗೆ ನೀರು ಬಹಳ ಹಿಂದೆ ಸರಿಯುವುದರಿಂದ ನಡೆಯಲು ಜಾಗವೂ ಹೆಚ್ಚು. ಆದರೆ ಅಂದು ಏರುವ ನೀರೂ ದೊಡ್ಡದೇ, ವೇಗವೂ ಹೆಚ್ಚು. ಜಾತ್ರೆಯ ಜನಜಂಗುಳಿಯಲ್ಲಿ ಹಿಂತಿರುಗಲು ಮಾಮೂಲಿಗಿಂತ ದುಪ್ಪಟ್ಟು ಹೊತ್ತು ಹಿಡಿಯಿರಿ. ಕಾಲಿಗೆ ಹಿಂಪಟ್ಟಿ ಇರುವ ರಬ್ಬರ್ ಚಪ್ಪಲಿ ಹಾಕಿ. ಹವಾಯಿ ಚಪ್ಪಲಿ ಕೆಸರಿನಲ್ಲೇ ಉಳಿದುಹೋಗುತ್ತದೆ.

ಪ್ರಶ್ನೆ: ಫ್ರಾನ್ಸಿನ ಮೋಂ ಸೇಂ ಮಿಶೆಲ್ ಗುಡ್ಡದ ಮಠ, ಜಪಾನಿನ ಇತ್ಸುಕುಶಿಮಾ ಗುಡಿ ಇವನ್ನು ಉಬ್ಬರದಲ್ಲಿ ನೋಡಬೇಕೋ, ಇಳಿತದಲ್ಲೋ?

ಎರಡೂ. ಆರು ಗಂಟೆ ಅಲ್ಲೇ ಕಳೆಯುವ ಹಾಗೆ ಹೋಗದಿದ್ದರೆ ಅರ್ಧ ನೋಡಿದಂತೆ.

ಇತ್ಸುಕುಶಿಮಾದ ನೀರೊಳಗಿನ ಹೆಬ್ಬಾಗಿಲು ತೇಲಿದಂತೆ ಕಾಣಬೇಕಾದರೆ ಪಟ್ಟಿಯಲ್ಲಿ 250 ಸೆಂಟಿಮೀಟರಿಗಿಂತ ಹೆಚ್ಚಿರಬೇಕು. ಅದರ ಬುಡದವರೆಗೆ ನಡೆದು ಹೋಗಲು 100ಕ್ಕಿಂತ ಕಡಿಮೆ ಇರಬೇಕು. ಈಗಿನ ಹೆಬ್ಬಾಗಿಲು 1875ರದ್ದು. ಅದು ನಿಂತಿರುವುದು ಸ್ವಂತ ಭಾರದಿಂದ. ಇಳಿತದಲ್ಲಿ ಹತ್ತಿರ ಹೋದರಷ್ಟೇ ಆ ಕಂಬಗಳ ಗಾತ್ರ ಅರ್ಥವಾಗುವುದು.

ಮೋಂ ಸೇಂ ಮಿಶೆಲ್‌ಗೆ ಫ್ರೆಂಚ್ ಪಟ್ಟಿಗಳಲ್ಲಿ ಎತ್ತರದ ಜೊತೆಗೆ ಅಂದಿನ ಏರಿಳಿತ ಎಷ್ಟು ದೊಡ್ಡದು ಎಂದು ಹೇಳುವ, 20ರಿಂದ 120ರವರೆಗಿನ ಒಂದು ಅಂಕಿ ಇರುತ್ತದೆ. ಅದು 110 ದಾಟಿದ ದಿನ ಗುಡ್ಡ ಸ್ವಲ್ಪ ಹೊತ್ತು ಪೂರ್ತಿ ದ್ವೀಪವಾಗುತ್ತದೆ. ಇಂಥ ದಿನಗಳು ಮಾರ್ಚ್ ಮತ್ತು ಸೆಪ್ಟೆಂಬರಿನ ಆಸುಪಾಸಿನಲ್ಲಿ ಹೆಚ್ಚು. ಉಬ್ಬರಕ್ಕೆ ಎರಡು ಗಂಟೆ ಮುಂಚೆಯೇ ಕೋಟೆಗೋಡೆಯ ಮೇಲೆ ಜಾಗ ಹಿಡಿಯಿರಿ. ಕೊಲ್ಲಿಯ ಮರಳಿನಲ್ಲಿ ಮಾರ್ಗದರ್ಶಿ ಇಲ್ಲದೆ ದೂರ ಹೋಗಬೇಡಿ, ಕಾಲು ಹೂಳುವ ಮರಳು ಅಲ್ಲಿ ನಿಜಕ್ಕೂ ಇದೆ. ಮಠದವರೆಗೆ ಸುಮಾರು 350 ಮೆಟ್ಟಿಲು. ಮಂಡಿನೋವಿನವರಿಗೆ ಕೆಳಗಿನ ಗೋಡೆಯೇ ಸಾಕು, ನೋಟಕ್ಕೆ ಏನೂ ಕಡಿಮೆಯಾಗದು.

ಪ್ರಶ್ನೆ: ಮಳೆಗಾಲದಲ್ಲಿ ಮಹಾರಾಷ್ಟ್ರದ ಕಡಲಕೋಟೆಗಳಾದ ಜಂಜೀರಾ, ಸಿಂಧುದುರ್ಗಗಳಿಗೆ ದೋಣಿ ಇರುತ್ತದೆಯೇ?

ಇಲ್ಲ. ಜೂನ್‌ನಿಂದ ಸಾಮಾನ್ಯವಾಗಿ ಆಗಸ್ಟ್ ಮುಗಿಯುವವರೆಗೆ ಬಂದ್. ಮತ್ತೆ ಶುರುವಾಗುವ ದಿನ ಕಡಲು ನೋಡಿ ಗೊತ್ತಾಗುತ್ತದೆ. ಉಳಿದ ಕಾಲದಲ್ಲೂ ಬೆಳಗಿನ ದೋಣಿಯೇ ಒಳ್ಳೆಯದು, ಏಕೆಂದರೆ ಬಿಸಿಲೇರಿದಂತೆ ಕಡಲಗಾಳಿ ಎದ್ದು ಮಧ್ಯಾಹ್ನದ ಮೇಲೆ ಅಲೆ ಹೆಚ್ಚುತ್ತದೆ. ದೋಣಿ ತೂಗಾಡುತ್ತಿರುವಾಗ ಇಳಿಯಬೇಕಾಗಿ ಬಂದರೆ ಎರಡೂ ಕೈ ಖಾಲಿ ಇರಲಿ, ಬ್ಯಾಗು ಬೆನ್ನಿಗಿರಲಿ. ದೋಣಿ ಅಲೆಯ ಮೇಲೆದ್ದು ಮೆಟ್ಟಿಲಿಗೆ ಸಮವಾದ ಕ್ಷಣ ಕಾಲಿಡಬೇಕು. ತಗ್ಗಿದಾಗ ಹಾರಿದರೆ ಪಾಚಿಯ ಮೇಲೆ ಬೀಳುತ್ತೀರಿ. ಹಸಿರು ಪಾಚಿಗಿಂತ ಕಪ್ಪಗೆ ಹೊಳೆಯುವ ಕಲ್ಲು ಇನ್ನೂ ಜಾರು. ಮಕ್ಕಳನ್ನು ನೀವೇ ಎತ್ತಿಕೊಂಡು ಇಳಿಯುವುದಕ್ಕಿಂತ ದೋಣಿಯವರ ಕೈಗೆ ಕೊಡುವುದು ವಾಸಿ. ಕೋಟೆಯೊಳಗೆ ಎಷ್ಟು ಹೊತ್ತು ಬಿಡುತ್ತಾರೆ ಎಂದು ಹತ್ತುವ ಮೊದಲೇ ಕೇಳಿಕೊಳ್ಳಿ.

ಪ್ರಶ್ನೆ: ಉತ್ಸವಗಳ ದಿನಾಂಕ ಪ್ರತಿವರ್ಷ ಬದಲಾಗುತ್ತದೆ. ಟಿಕೆಟ್ ಮುಂಗಡ ಮಾಡುವುದು ಹೇಗೆ?

ಆ ಉತ್ಸವ ಯಾವ ಲೆಕ್ಕಕ್ಕೆ ನಡೆಯುತ್ತದೆ ಎಂದು ಮೊದಲು ತಿಳಿದುಕೊಳ್ಳಿ. ಕೆಲವಕ್ಕೆ ತಾರೀಖೇ ಖಾಯಂ: ಕೋನಾರ್ಕ್ ನೃತ್ಯೋತ್ಸವ ಡಿಸೆಂಬರ್ 1ರಿಂದ 5, ಕ್ರೊಯೇಷಿಯಾದ ದುಬ್ರೊವ್ನಿಕ್ ಬೇಸಿಗೆ ಉತ್ಸವ ಜುಲೈ 10ರಿಂದ ಆಗಸ್ಟ್ 25. ಇವಕ್ಕೆ ಒಂದು ವರ್ಷ ಮೊದಲೇ ಕೊಠಡಿ ಹಿಡಿದರೂ ಅಡ್ಡಿಯಿಲ್ಲ. ಕೆಲವು ವಾರದ ಲೆಕ್ಕದವು: ವೆನಿಸ್ಸಿನ ರೆದೆಂತೋರೆ ಜುಲೈನ ಮೂರನೇ ಭಾನುವಾರ, ದೋಣಿಗಳ ಐತಿಹಾಸಿಕ ಪಂದ್ಯ ಸೆಪ್ಟೆಂಬರಿನ ಮೊದಲ ಭಾನುವಾರ. ವೆನಿಸ್ ಕಾರ್ನಿವಲ್ ಮುಗಿಯುವುದು ಈಸ್ಟರ್‌ಗೆ 47 ದಿನ ಮೊದಲಿನ ಮಂಗಳವಾರ. ಈಸ್ಟರ್ ಗೊತ್ತಾದರೆ ಅದೂ ಗೊತ್ತು.

ಚಾಂದ್ರಮಾನದವು ಬೇರೆ. ವಿಯೆಟ್ನಾಮಿನ ಹೊಯ್ ಆನ್‌ನಲ್ಲಿ ಹಳೇ ಪೇಟೆಯ ವಿದ್ಯುದ್ದೀಪ ಆರಿಸಿ ಲಾಟೀನು ಬೆಳಗಿಸುವುದು ಅಲ್ಲಿನ ಚಾಂದ್ರಮಾಸದ 14ನೇ ರಾತ್ರಿ. ನಮ್ಮ ಶುಕ್ಲ ಚತುರ್ದಶಿಗೆ ಹೆಚ್ಚುಕಡಿಮೆ ಸರಿಹೊಂದುತ್ತದೆ, ಒಂದು ದಿನ ಆಚೀಚೆ ಆದೀತು. ಹಾಗಾಗಿ ಕೊಠಡಿ ಎರಡು ರಾತ್ರಿಗೆ ಇರಲಿ. ಅಕ್ಟೋಬರ್-ನವೆಂಬರ್ ಮಾತ್ರ ಬೇಡ. ಹೊಳೆ ಉಕ್ಕಿ ಆ ಬೀದಿಗಳಿಗೇ ನೀರು ನುಗ್ಗುವ ಕಾಲ ಅದು.

ಇನ್ನು ಸಮಿತಿಗಳು ಕೂತು ತೀರ್ಮಾನಿಸುವ ಉತ್ಸವಗಳು. ಪ್ರಕಟಣೆ ಬರುವ ತನಕ ರದ್ದು ಮಾಡಬಹುದಾದ ಟಿಕೆಟನ್ನಷ್ಟೇ ಕೊಳ್ಳಿ. ಹೋದ ವರ್ಷದ ತಾರೀಖು ನಂಬಿ ಹೋಗಿ, ಪೆಂಡಾಲು ಕಟ್ಟುವುದನ್ನು ನೋಡಿ ಬಂದವರು ಬಹಳ.

ಪ್ರಶ್ನೆ: ರೆದೆಂತೋರೆಯ ಬಾಣಬಿರುಸು ನೋಡಲು ಎಲ್ಲಿ ನಿಲ್ಲಬೇಕು?

ನಿಲ್ಲುವುದಕ್ಕಿಂತ ವಾಪಸಾಗುವುದು ಕಷ್ಟ. 1575-77ರ ಪ್ಲೇಗ್ ಮುಗಿದುದಕ್ಕೆ ಹರಕೆಯಾಗಿ ಕಟ್ಟಿದ ಚರ್ಚಿಗೆ, ಜುದೆಕ್ಕಾ ಕಾಲುವೆಗೆ ಅಡ್ಡಲಾಗಿ ತೇಲುಸೇತುವೆ ಹಾಕುತ್ತಾರೆ. ಬಾಣಬಿರುಸು ಉತ್ಸವದ ಭಾನುವಾರಕ್ಕೆ ಮುಂಚಿನ ಶನಿವಾರ ರಾತ್ರಿ ತಡವಾಗಿ. ಮುಗಿದ ಕೂಡಲೇ ಅಷ್ಟೂ ಜನ ಒಟ್ಟಿಗೆ ದೋಣಿ ನಿಲ್ದಾಣಕ್ಕೆ ನುಗ್ಗುತ್ತಾರೆ. ನಡೆದೇ ತಲುಪಬಹುದಾದ ಕಡೆ ವಸತಿ ಹಿಡಿಯಿರಿ, ಇಲ್ಲವೇ ಒಂದು ಗಂಟೆ ಅಲ್ಲೇ ಕೂತುಬಿಡಿ. ದಡದ ಮೇಲಿನ ಜಾಗಕ್ಕೆ ಮುಂಗಡ ನೋಂದಣಿ ಬೇಕೇ ಎಂದು ಹೊರಡುವ ಮೊದಲು ನೋಡಿ.

ಪ್ರಶ್ನೆ: ದುಬ್ರೊವ್ನಿಕ್ ಕೋಟೆಗೋಡೆಯ ಮೇಲೆ ಕಾಲಿಡಲೂ ಜಾಗವಿಲ್ಲದಷ್ಟು ಜನವಂತೆ. ನಿಜವೇ?

ಹಡಗು ಬಂದ ದಿನ, ಬೆಳಗ್ಗೆ ಹತ್ತರಿಂದ ಮಧ್ಯಾಹ್ನದವರೆಗೆ ನಿಜ. ಯಾವ ದಿನ ಎಷ್ಟು ಪ್ರವಾಸಿ ಹಡಗು ಬರುತ್ತವೆ ಎಂಬ ಪಟ್ಟಿಯನ್ನು ಬಂದರುಗಳು ಮೊದಲೇ ಪ್ರಕಟಿಸುತ್ತವೆ. ಹಳೇ ಬಂದರು ಪಟ್ಟಣ ಯಾವುದೇ ಇರಲಿ, ದಿನ ಆರಿಸುವ ಮೊದಲು ಅದನ್ನು ನೋಡಿ. ಗೋಡೆಯ ಸುತ್ತು 1,940 ಮೀಟರ್. ಒಂದೇ ದಿಕ್ಕಿಗೆ ನಡೆಯಬೇಕು, ಹಿಂದಕ್ಕೆ ಬರುವಂತಿಲ್ಲ. ನೆರಳು ಇಲ್ಲವೇ ಇಲ್ಲ. ಬಾಗಿಲು ತೆರೆದ ಕೂಡಲೇ ಹತ್ತಿ, ಇಲ್ಲವೇ ಮುಚ್ಚುವುದಕ್ಕೆ ಎರಡು ಗಂಟೆ ಇರುವಾಗ.

ಪ್ರಶ್ನೆ: ಮಾಮಲ್ಲಪುರದ ಕಡಲತೀರದ ಗುಡಿಯ ಶಿಲ್ಪಗಳು ಸವೆದುಹೋಗಿವೆ. ಗಾಳಿ-ಮರಳಿನಿಂದಲೇ? ಮುಟ್ಟಿದರೆ ಏನಾಗುತ್ತದೆ?

ಗಾಳಿ, ಮರಳು ಎರಡೂ ಹೌದು, ಆದರೆ ದೊಡ್ಡ ಪಾಲು ಉಪ್ಪಿನದ್ದು. ಅಲೆಯ ತುಂತುರು ಕಲ್ಲಿನ ಸೂಕ್ಷ್ಮ ರಂಧ್ರಗಳಿಗೆ ಇಳಿಯುತ್ತದೆ. ಬಿಸಿಲಿಗೆ ನೀರು ಆರಿದಾಗ ಉಪ್ಪು ಒಳಗೇ ಹರಳುಗಟ್ಟಿ, ಕಲ್ಲಿನ ಕಣಗಳನ್ನು ಹೊರಕ್ಕೆ ದೂಡುತ್ತದೆ. ರಾತ್ರಿ ತೇವಕ್ಕೆ ಕರಗಿ ಮರುದಿನ ಮತ್ತೆ ಹರಳು. ಎಂಟನೇ ಶತಮಾನದಿಂದ ಇದೇ ನಡೆದಿದೆ. ಹೊರಗೆ ಗಟ್ಟಿಯಾಗಿ ಕಂಡರೂ ಮೇಲ್ಪದರದ ಕಣಗಳು ಆಗಲೇ ಸಡಿಲಾಗಿರುತ್ತವೆ, ಬೆರಳು ಸವರಿದರೆ ಪುಡಿ ಅಂಟುತ್ತದೆ. ಅದು ಶಿಲ್ಪದ್ದೇ ಪುಡಿ. ಸಂರಕ್ಷಣೆಯವರು ಒದ್ದೆ ಕಾಗದದ ತಿರುಳನ್ನು ಕಲ್ಲಿಗೆ ಮೆತ್ತುತ್ತಾರೆ. ಅದು ಆರುತ್ತಾ ಉಪ್ಪನ್ನು ತನ್ನತ್ತ ಎಳೆದುಕೊಳ್ಳುತ್ತದೆ, ಆಮೇಲೆ ಕಿತ್ತು ತೆಗೆಯುತ್ತಾರೆ.

ಗುಡಿಗೆ ಒಂದು ಸುತ್ತು ಬಂದು ಕಡಲಿಗೆ ಮುಖಮಾಡಿದ ಗೋಡೆಯನ್ನೂ ಮರೆಯಲ್ಲಿರುವ ಗೋಡೆಯನ್ನೂ ಹೋಲಿಸಿ. ಆಮೇಲೆ ಊರೊಳಗಿನ ಪಂಚರಥಗಳಿಗೆ ಹೋದರೆ ಕೆತ್ತನೆಯ ಮೂಲ ಚೂಪು ಹೇಗಿದ್ದೀತು ಎಂಬ ಅಂದಾಜು ಸಿಗುತ್ತದೆ. ಕಡಲ ಕಡೆಯ ಮುಖಕ್ಕೆ ಬೆಳಗಿನ ಬೆಳಕೇ ಬೇಕು.

ಪ್ರಶ್ನೆ: ಉತ್ತರ ಕೇರಳದ ತೆಯ್ಯಂ ನೋಡಬೇಕೆಂದಿದ್ದೇವೆ. ಹೊರಗಿನವರು ಹೋಗಬಹುದೇ?

ಹೋಗಬಹುದು, ಆದರೆ ಅದು ರಂಗಪ್ರದರ್ಶನ ಅಲ್ಲ, ವೇಷ ತೊಟ್ಟವರ ಮೈಮೇಲೆ ದೈವ ಬರುವ ಪೂಜೆ. ಋತು ತುಲಾ ಮಾಸದ ಹತ್ತನೇ ದಿನದಿಂದ, ಅಂದರೆ ಅಕ್ಟೋಬರ್ ಕೊನೆಯಿಂದ, ಮಳೆ ಹಿಡಿಯುವವರೆಗೆ. ಸಂಜೆಯ ಪೂರ್ವಭಾವಿ ಭಾಗವಾದ ತೋಟ್ಟಂನಲ್ಲಿ ವೇಷ ಕಡಿಮೆ, ಹಾಡು ಹೆಚ್ಚು. ಅದನ್ನೇ ತೆಯ್ಯಂ ಎಂದುಕೊಂಡು ಎದ್ದುಬರಬೇಡಿ. ದೊಡ್ಡ ಮುಡಿಯ (ಕಿರೀಟದ) ತೆಯ್ಯಂಗಳು ಬಹಳ ಕಡೆ ನಡುರಾತ್ರಿಯಿಂದ ಬೆಳಗಿನೊಳಗೆ ಬರುತ್ತವೆ, ಕರಪತ್ರದಲ್ಲಿನ ಸಮಯಕ್ಕಿಂತ ಒಂದೆರಡು ಗಂಟೆ ತಡವಾಗುವುದು ಮಾಮೂಲಿ. ಬೆಂಕಿ ಇರುವ ತೆಯ್ಯಂಗೆ ಹತ್ತಿ ಬಟ್ಟೆ ಉಡಿ. ಕಿಡಿ ಸಿಡಿದರೆ ನೈಲಾನ್ ಮೈಗೆ ಅಂಟಿಕೊಳ್ಳುತ್ತದೆ. ಚಪ್ಪಲಿ ಅಂಗಳದ ಹೊರಗೆ. ಗುಡಿಗೂ ತೆಯ್ಯಕ್ಕೂ ನಡುವೆ ಅಡ್ಡ ಹಾಯಬೇಡಿ. ಮುಖಕ್ಕೆ ಬಣ್ಣ ಬರೆಯುವಾಗ ನೋಡುವ ಆಸೆಯಿದ್ದರೆ ಕೇಳಿ ಕೂರಿ, ಫ್ಲ್ಯಾಶ್ ಆರಿಸಿ.

ಪ್ರಶ್ನೆ: ಕರಾವಳಿಗೆ ಹೋದಾಗಲೆಲ್ಲ ಕ್ಯಾಮೆರಾ ಗಾಜು ಮಂಜಾಗುತ್ತದೆ. ಹಾಳಾಗಿದೆಯೇ?

ಹಾಳಾಗಿಲ್ಲ. ಎಸಿ ಕೋಣೆಯ ತಂಪಿನಿಂದ ತೇವದ ಗಾಳಿಗೆ ತಂದಾಗ ನೀರು ಕಟ್ಟುತ್ತದೆ. ಹೊರಡುವ ಅರ್ಧ ಗಂಟೆ ಮೊದಲು ಮುಚ್ಚಿದ ಬ್ಯಾಗಿನಲ್ಲೇ ಹೊರಗಿಡಿ. ಗಾಜನ್ನು ಒಣಬಟ್ಟೆಯಿಂದ ಉಜ್ಜಬೇಡಿ, ಮೇಲೆ ಕೂತ ಮರಳು-ಉಪ್ಪಿನ ಕಣ ಗೀರು ಬೀಳಿಸುತ್ತದೆ. ಮೊದಲು ಗಾಳಿ ಊದಿ, ಬಳಿಕ ಸಿಹಿನೀರಿನಲ್ಲಿ ತುಸು ನೆನೆದ ಬಟ್ಟೆ, ಕೊನೆಗೆ ಒಣಬಟ್ಟೆ. ಡ್ರೋನ್ ಮನೆಯಲ್ಲೇ ಬಿಡಿ: ಹಳೇ ಬಂದರುಗಳ ಪಕ್ಕದಲ್ಲೇ ಬಹಳ ಕಡೆ ನೌಕಾನೆಲೆಯೂ ಇರುತ್ತದೆ.