ದಾಳ ಹಾಕಿದರೆ ಪುಸ್ತಕ ಸಿಗಲ್ಲ

ಪ್ರಶ್ನೆ: ಏಳೆಂಟು ವರ್ಷದ ನಾಲ್ಕು ಮಕ್ಕಳನ್ನು ಟೇಬಲ್ ಸುತ್ತ ಕೂರಿಸಿಕೊಂಡು, ಲೈಬ್ರರಿಯಲ್ಲೇ ನಡೆಯುವ ಕಥೆ ಕಟ್ಟಿ ರೋಲ್ ಪ್ಲೇಯಿಂಗ್ ಆಟ (ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಹಾಕುತ್ತಾ ಕಥೆ ಮುಂದುವರಿಸುವ ಆಟ) ಆಡಿಸುತ್ತಿದ್ದೇನೆ. ಒಬ್ಬ ಮಾಂತ್ರಿಕ, ಒಬ್ಬಳು ಪತ್ತೇದಾರಿ, ಹೀಗೆ. ಮಕ್ಕಳಿಗೆ ಖುಷಿಯೋ ಖುಷಿ. ಆದರೆ ನಿಜವಾದ ಲೈಬ್ರರಿಗೆ ಹೋದರೆ ಈಗಲೂ ‘ಪೆಂಗ್ವಿನ್ ಪುಸ್ತಕ ಎಲ್ಲಿದೆ?’ ಎಂದು ನನ್ನನ್ನೇ ಕೇಳುತ್ತಾರೆ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ಈ ಪ್ರಶ್ನೆ ವೇಷ ಬದಲಿಸಿಕೊಂಡು ಬರುತ್ತಲೇ ಇರುತ್ತದೆ. ಈ ಸಲ ಇದಕ್ಕೇ ಜಾಸ್ತಿ ಜಾಗ. ನಿಮ್ಮ ಆಟದಲ್ಲಿ ಪುಸ್ತಕ ಹುಡುಕುವುದು ಯಾರು ಹೇಳಿ? ದಾಳ. ‘ಹುಡುಕ್ತೀನಿ’ ಎನ್ನುತ್ತದೆ ಮಗು. ಇಪ್ಪತ್ತು ಮುಖದ ದಾಳ ಹಾಕುತ್ತದೆ, 15 ಬೀಳುತ್ತದೆ. ‘ಸಿಕ್ತು!’ ಎಂದು ನೀವು ಸಾರುತ್ತೀರಿ. ಮಗು ಕಲಿತದ್ದು ದಾಳ ಹಾಕುವುದನ್ನು.

ದಾಳಕ್ಕೆ ಬೇರೆ ಕೆಲಸ ಕೊಡಿ. ಕಾವಲುಗಾರನಿಗೆ ಎಚ್ಚರ ಆಯಿತಾ, ದೀಪ ಆರಿತಾ, ಇಂಥವು. ಪುಸ್ತಕವನ್ನು ಮಾತ್ರ ಮಗುವೇ ಎದ್ದು ಹೋಗಿ, ಕಪಾಟಿನ ಮುಂದೆ ನಿಂತು, ಕೈಯಾರೆ ಹುಡುಕಬೇಕು.

ಮಕ್ಕಳು ಎಡವುವ ಜಾಗ ಬಹುತೇಕ ಒಂದೇ. ವಿಷಯಕ್ಕೊಂದು ಸಂಖ್ಯೆ ಕೊಟ್ಟು ಲೈಬ್ರರಿ ಪುಸ್ತಕ ಜೋಡಿಸುವ ಡ್ಯೂಯಿ ಪದ್ಧತಿಯಲ್ಲಿ ಪೆಂಗ್ವಿನ್ 598.47, ಬೇಟೆ ಹಕ್ಕಿಗಳು 598.9. ಯಾವುದು ಮೊದಲು? ಮಗು ಥಟ್ಟನೆ 598.9 ಎನ್ನುತ್ತದೆ. ‘ಒಂಬತ್ತಕ್ಕಿಂತ ನಲವತ್ತೇಳು ದೊಡ್ಡದಲ್ವಾ?’ ಆ ವಯಸ್ಸಿಗೆ ದಶಮಾಂಶ ಗೊತ್ತಿರುವುದಿಲ್ಲ, ಬೈಯಬೇಡಿ. ಗಣಿತ ಪಾಠವನ್ನೂ ಶುರು ಮಾಡಬೇಡಿ. ಕಥೆಯಲ್ಲಿ ಸಾಲು ಬಾಗಿಲು ಇಡಿ, ಒಂದೊಂದು ಬಾಗಿಲಿಗೆ ಒಂದೊಂದೇ ಅಂಕಿ. ಪುಸ್ತಕದ ಬೆನ್ನಿನ ಚೀಟಿಯನ್ನು ಬೆರಳಿನಿಂದ ಮುಚ್ಚಿ, ಒಂದೊಂದೇ ಅಂಕಿ ಬಿಡಿಸಿ ತೋರಿಸಿ. ಐದು, ಒಂಬತ್ತು, ಎಂಟು: ಎರಡೂ ಪುಸ್ತಕ ಜೊತೆಜೊತೆಗೇ ಬಂದವು. ಚುಕ್ಕಿ ದಾಟಿದ ಮೇಲೆ ಒಂದರಲ್ಲಿ ನಾಲ್ಕು, ಇನ್ನೊಂದರಲ್ಲಿ ಒಂಬತ್ತು. ಅಲ್ಲಿಗೆ ಇತ್ಯರ್ಥ ಆಯಿತು. ಕೊನೆಯ ಏಳನ್ನು ನೋಡುವ ಅಗತ್ಯವೇ ಇಲ್ಲ.

ಪತ್ತೇದಾರಿಗೆ ಒಂದು ಒಳ್ಳೆ ಕೇಸು ಇದೆ. ತೋಳದ ಪುಸ್ತಕ 599ರಲ್ಲಿ, ಅದರ ನೆಂಟ ನಾಯಿಯದು 636.7ರಲ್ಲಿ. ನಾಯಿಯನ್ನು ಅಷ್ಟು ದೂರ ಒಯ್ದವರು ಯಾರು? ಅಕ್ಕಪಕ್ಕದಲ್ಲಿ ಕುದುರೆ, ಕುರಿ, ಬೆಕ್ಕು ಕಂಡಾಗ ‘ಓ, ಇವೆಲ್ಲ ಸಾಕೋ ಪ್ರಾಣಿ!’ ಎಂದು ಮಕ್ಕಳೇ ಹೇಳುತ್ತಾರೆ. ಅಲ್ಲಿಯವರೆಗೆ ದಯವಿಟ್ಟು ನೀವು ಬಾಯಿ ಬಿಡಬೇಡಿ.

ಪುಸ್ತಕ ಸಿಕ್ಕರೆ ಅರ್ಧ ಕೆಲಸ ಮುಗಿಯಿತು, ಅಷ್ಟೇ. ‘ಎಂಪರರ್ ಪೆಂಗ್ವಿನ್‌ನಲ್ಲಿ ಮೊಟ್ಟೆಗೆ ಕಾವು ಕೊಡುವುದು ಅಮ್ಮನೋ ಅಪ್ಪನೋ?’ ಎಂದು ಕಾವಲುಗಾರ ಕೇಳಲಿ. ಸುಮ್ನೆ ಪುಟ ತಿರುವುತ್ತಾ ಕೂತರೆ ದೀಪದ ಎಣ್ಣೆ ಖರ್ಚಾಗುತ್ತದೆ. ಕೊನೆಯ ಪುಟಗಳ ಪದಸೂಚಿ ನೋಡಿದರೆ ಉಳಿಯುತ್ತದೆ. ಈ ಒಂದು ನಿಯಮ ಸಾಕು, ಮುಂದಿನ ಸಲ ಅವರೇ ಹಿಂದಿನಿಂದ ಪುಸ್ತಕ ತೆರೆಯುತ್ತಾರೆ. (ಉತ್ತರ ಅಪ್ಪ.)

ಇನ್ನೊಂದು ಮಾತು. ಎಳೆದು ತೆಗೆದ ಪುಸ್ತಕವನ್ನು ಮಕ್ಕಳು ತಾವೇ ವಾಪಸ್ ಸೇರಿಸುವುದು ಬೇಡ, ಟ್ರಾಲಿ ಮೇಲೆ ಇಡಲಿ. ತಪ್ಪು ಜಾಗಕ್ಕೆ ಸೇರಿದ ಪುಸ್ತಕ ಕಳೆದುಹೋದ ಹಾಗೇ. ಪುಟಗಳ ನಡುವೆ ನಿಧಿಯ ಸುಳಿವನ್ನು ಗೋಂದು ಹಚ್ಚಿ ಅಂಟಿಸುವವರೂ ಇದ್ದಾರೆ. ಅವರಿಗೆ ಏನು ಹೇಳೋದು!

ಪ್ರಶ್ನೆ: ಡ್ಯೂಯಿ ಸಂಖ್ಯೆಗಳನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಬೇಕಾ?

ಉತ್ತರ: ಬೇಡ. ನಾನೂ ಮಾಡಿಲ್ಲ.

ಪ್ರಶ್ನೆ: ಭೂತ, ರಾಕ್ಷಸ ಇರುವ ಇಂಥ ಆಟದಿಂದ ಮಕ್ಕಳ ತಲೆ ಕೆಡುತ್ತದಂತೆ?

ಉತ್ತರ: 1980ರ ದಶಕದಲ್ಲಿ ಅಮೆರಿಕದಲ್ಲೂ ಇದೇ ಗುಲ್ಲೆದ್ದಿತ್ತು, ಆಧಾರ ಸಿಗದೆ ತಣ್ಣಗಾಯಿತು. ನಿಮ್ಮ ಮಗುವಿಗೆ ಹೆದರಿಕೆ ಆದರೆ ರಾಕ್ಷಸನನ್ನು ಕಥೆಯಿಂದ ಕಳಿಸಿಬಿಡಿ.

ಪ್ರಶ್ನೆ: ನಾಲ್ಕು ವರ್ಷದವರಿಗೆ?

ಉತ್ತರ: ಸಂಖ್ಯೆ ಬೇಡವೇ ಬೇಡ. ಕಥೆ ಪುಸ್ತಕಕ್ಕೆ ಒಂದು ಬಣ್ಣ, ಪ್ರಾಣಿ ಪುಸ್ತಕಕ್ಕೆ ಇನ್ನೊಂದು. ಹತ್ತು ನಿಮಿಷಕ್ಕೆ ಮುಗಿಸಿ.

ಪ್ರಶ್ನೆ: ಒಂದು ಕಾರ್ಯಾಗಾರದವರು ಈ ಆಟದಿಂದ ಓದುವ ವೇಗ ಎರಡು ಪಟ್ಟು, ಏಕಾಗ್ರತೆ ಗ್ಯಾರಂಟಿ ಎನ್ನುತ್ತಾರೆ. ಕಿಟ್, ಸರ್ಟಿಫಿಕೇಟ್ ಎಲ್ಲಾ ಕೊಡುತ್ತಾರಂತೆ. ಸೇರಿಸಲಾ?

ಉತ್ತರ: ಕಲಿಕೆಗೆ ಗ್ಯಾರಂಟಿ ಕೊಡುವವರನ್ನು ನಾನು ನಂಬುವುದಿಲ್ಲ. ಏಳು ವರ್ಷದ ಮಗುವಿಗೆ ಸರ್ಟಿಫಿಕೇಟ್ ಯಾತಕ್ಕೆ? ಸೇರಿಸಲೇಬೇಕು ಎಂದಿದ್ದರೆ ದುಡ್ಡು ಕಟ್ಟುವ ಮೊದಲು ಇಷ್ಟು ಕೇಳಿ: ಮಕ್ಕಳನ್ನು ಎಷ್ಟು ಹೊತ್ತು ನಿಜವಾದ ಕಪಾಟಿನ ಮುಂದೆ ನಿಲ್ಲಿಸುತ್ತೀರಿ? ಉತ್ತರಕ್ಕೆ ತಡವರಿಸಿದರೆ ಎದ್ದು ಬನ್ನಿ.