ಹಳೇ ಬೈಕಿನ ಪೆಟ್ರೋಲ್ ಪೈಪು, ವ್ಯಾಕ್ಯೂಮ್ ಪೈಪು: ಯಾವ ಸೈಜು, ಎಲ್ಲಿಗೆ ಜೋಡಿಸೋದು?

ಪೆಟ್ರೋಲ್ ಕಾಕ್‌ಗೆ (ಟ್ಯಾಂಕಿನ ಕೆಳಗಿನ ನಳಕ್ಕ) ಎರಡು ನಿಪ್ಪಲ್ (ಪೈಪು ಸಿಗಿಸೋ ಮೂತಿ) ಅದಾವು, ಯಾವುದಕ್ಕ ಯಾವ ಪೈಪು ಅಂತ ಕೇಳೀರಿ. ಸಾಮಾನ್ಯವಾಗಿ ದಪ್ಪ ನಿಪ್ಪಲ್‌ನಿಂದ ಕಾರ್ಬುರೇಟರಿಗೆ ಪೆಟ್ರೋಲ್ ಪೈಪು, ಸಣ್ಣದರಿಂದ ಇಂಟೇಕ್ ಮ್ಯಾನಿಫೋಲ್ಡಿಗೆ (ಕಾರ್ಬುರೇಟರಿನಿಂದ ಇಂಜಿನ್ನಿಗೆ ಹೋಗೋ ಕೊಳವಿಗೆ) ವ್ಯಾಕ್ಯೂಮ್ ಪೈಪು. ಈ ವ್ಯಾಕ್ಯೂಮ್ ಪೈಪಿನಿಂದ ಇಂಜಿನ್ ಗಾಳಿ ಎಳೆದಾಗ ಮಾತ್ರ ಕಾಕ್ ತೆರೀತೈತಿ.

ಪೈಪಿನ ಸೈಜು ಅಂದ್ರ ಒಳವ್ಯಾಸ. ಕಣ್ಣಂದಾಜು ಬ್ಯಾಡ್ರಿ, ನಿಪ್ಪಲ್‌ನ ಹೊರವ್ಯಾಸವನ್ನ ವರ್ನಿಯರ್ ಅನ್ನೋ ಅಳತೆ ಸಾಧನದಿಂದ ಅಳೀರಿ. 6 ಮಿ.ಮೀ. ಇದ್ರ 6ರ ಪೈಪು ಅಥವಾ ಅರ್ಧ ಮಿ.ಮೀ. ಕಡಿಮಿದು. ಸಡಿಲ ಪೈಪಿಗೆ ಕ್ಲಿಪ್ ಬಿಗಿದು ಸುಧಾರಿಸೋದು ಪೆಟ್ರೋಲ್ ಜೊತಿ ಆಟ. ವ್ಯಾಕ್ಯೂಮ್ ಪೈಪಿಗೆ ಗೋಡೆ ದಪ್ಪ ಇರಬೇಕು. ತೆಳುವಿದ್ರ ಬಿಸಿಗೆ ಮೆತ್ತಗಾಗಿ ಒಳಗ ಚಪ್ಪಟಿ ಆಗತೈತಿ, ಕಾಕ್ ತೆರಿಯಂಗಿಲ್ಲ. ಆಗ ಹುಬ್ಬಳ್ಳಿ ಬಿಟ್ಟ ಗಾಡಿ ನವನಗರದಾಗ ನಿಂತು, ತಪ್ಪು ಕಾರ್ಬುರೇಟರಿನ ತಲಿಮ್ಯಾಲೆ! ನೀರಿನ ಪ್ಲಾಸ್ಟಿಕ್ ಪೈಪು ಅಂತೂ ಬ್ಯಾಡೇ ಬ್ಯಾಡ, ಕಟ್ಟಿಗಿ ಆಗಿ ಸೀಳತೈತಿ. ಈಗಿನ ಪೆಟ್ರೋಲ್‌ನಾಗ ಎಥೆನಾಲ್ ಇರೋದ್ರಿಂದ ಅದಕ್ಕ ತಾಳೋ ರಬ್ಬರ್ ಪೈಪನ್ನೇ ಕೇಳಿ ತಗೋರಿ.

ಪೈಪು ಮಡಚದಂಗ, ಸಿಲಿಂಡರಿಗೆ ತಾಗದಂಗ, ಕಾರ್ಬುರೇಟರ್ ಕಡೆ ಇಳಿಜಾರಾಗಿ ಹಾಕ್ರಿ. ಹಳೇ ವ್ಯಾಕ್ಯೂಮ್ ಪೈಪು ಬಿಚ್ಚಿದಾಗ ಅದರಾಗ ಪೆಟ್ರೋಲ್ ಕಂಡ್ರ ಕಾಕ್‌ನ ಡಯಾಫ್ರಾಮ್ (ಒಳಗಿನ ತೆಳು ಪೊರೆ) ಹರಿದೈತಿ. ಮೊದಲು ಅದನ್ನ ಬದಲಿಸ್ರಿ.