ಗ್ರಾಫೀನ್ (ಇಂಗಾಲದ ತೆಳು ಹಾಳೆ)-ಜಿಂಕ್ ಆಕ್ಸೈಡ್ ಕ್ಯಾನ್ಸರ್ ಕೋಶ, ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದಾ ಅಂತ ನೋಡುವ ಪ್ರಾಜೆಕ್ಟ್‌ಗೆ ಎಂಸಿಎಫ್-7 (ಸ್ತನ ಕ್ಯಾನ್ಸರ್ ಕೋಶ) ತಗೊಳ್ಳಲಾ, ಹೀಲಾ (ಗರ್ಭಕಂಠದ ಕ್ಯಾನ್ಸರ್ ಕೋಶ) ತಗೊಳ್ಳಲಾ? ಬ್ಯಾಕ್ಟೀರಿಯಾಗೆ ಡಿಸ್ಕ್ ಡಿಫ್ಯೂಷನ್ (ವಸ್ತು ಹಾಕಿದ ಬಿಲ್ಲೆಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ಜಾಗ ಅಳೆಯುವುದು) ಸಾಕಾ?

ಪಿಎಚ್.ಡಿ. ಶುರುವಿನಲ್ಲಿ ನಾನೂ ಇದಕ್ಕೇ ತಲೆ ಕೆಡಿಸಿಕೊಂಡಿದ್ದೆ. ಕೊನೆಗೆ ಪುಣೆಯ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರದಿಂದ (ಎನ್‌ಸಿಸಿಎಸ್) ಎಂಸಿಎಫ್-7 ತರಿಸಿದೆವು. ಕೆಲಸ ಕೆಟ್ಟಿದ್ದು ಸೆಲ್ ಲೈನ್‌ನಿಂದಲ್ಲ (ಲ್ಯಾಬ್‌ನಲ್ಲಿ ಬೆಳೆಸುವ ಕೋಶದ ಬಗೆ), ಎಷ್ಟು ಕೋಶ ಬದುಕಿವೆ ಅಂತ ಅಳೆಯುವ ಎಂಟಿಟಿ ಪರೀಕ್ಷೆಯಿಂದ.

ಎಂಟಿಟಿ ಹಳದಿ ಬಣ್ಣದ ರಾಸಾಯನಿಕ. ಜೀವ ಇರುವ ಕೋಶ ಅದನ್ನು ನೇರಳೆ ಫಾರ್ಮಜಾನ್ ಮಾಡುತ್ತದೆ. ನೇರಳೆ ಜಾಸ್ತಿ ಇದ್ದರೆ ಬದುಕಿರುವ ಕೋಶ ಜಾಸ್ತಿ ಅಂತ ಲೆಕ್ಕ. ಆದರೆ ಗ್ರಾಫೀನ್ ಕೋಶವೇ ಇಲ್ಲದಿದ್ದರೂ ಎಂಟಿಟಿಯನ್ನು ನೇರಳೆ ಮಾಡಿಬಿಡುತ್ತದೆ. ಸಾಲದ್ದಕ್ಕೆ ಅದು ಕಪ್ಪು, ನೇರಳೆಯನ್ನು ಅಳೆಯುವ 570 ನ್ಯಾನೋಮೀಟರ್ ಬೆಳಕನ್ನು ತಾನೂ ಹೀರುತ್ತದೆ. ನನ್ನ ಪ್ಲೇಟ್‌ನಲ್ಲಿ (ಕೋಶ ಹಾಕುವ ಸಣ್ಣ ಗುಳಿಗಳ, ಅಂದರೆ ವೆಲ್‌ಗಳ ತಟ್ಟೆ) ಡೋಸ್ ಏರಿಸಿದ ಹಾಗೆಲ್ಲ ಬದುಕಿದ ಕೋಶಗಳ ಲೆಕ್ಕವೂ ಏರಿತು, 100 ಪರ್ಸೆಂಟ್ ದಾಟಿತು. ಮೈಕ್ರೋಸ್ಕೋಪ್ ಕೆಳಗೆ ಅವೇ ಕೋಶಗಳು ಸಾಯುವ ಕೋಶಗಳ ಹಾಗೆ ದುಂಡಗಾಗಿ, ತಳ ಬಿಟ್ಟು ತೇಲುತ್ತಿದ್ದವು. ಕಂಡಿದ್ದನ್ನು ಬಿಟ್ಟು ಬಣ್ಣ ಅಳೆಯುವ ಯಂತ್ರ, ರೀಡರ್, ಕೊಟ್ಟ ನಂಬರ್ ನಂಬಿದೆ. ಇದು ಕೋಶಕ್ಕೆ ಏನೂ ಮಾಡದ ವಸ್ತು ಅಂತ ಪೇಪರ್ ಬರೆದೆ. ಕೋಶ ಹಾಕದೆ ಬರೀ ಮೀಡಿಯಾ, ವಸ್ತು, ಎಂಟಿಟಿ ಹಾಕಿದ ವೆಲ್‌ಗಳು ಎಲ್ಲಿ ಅಂತ ರಿವ್ಯೂವರ್ ಕೇಳಿದರು. ಇಟ್ಟೇ ಇರಲಿಲ್ಲ. ಥೀಸಿಸ್‌ನಿಂದ ಆ ಅಧ್ಯಾಯ ಪೂರ್ತಿ ಹೋಯಿತು.

ಕೋಶವಿಲ್ಲದ ಆ ವೆಲ್ ಅನ್ನು ಪ್ಲೇಟ್‌ಗೆ ಒಂದೇ ಇಟ್ಟರೆ ಸಾಲದು. ಪ್ರತಿ ಡೋಸ್‌ಗೂ ಬೇಕು, ಯಾಕೆಂದರೆ ಸುಳ್ಳು ಬಣ್ಣವೂ ಡೋಸ್ ಜೊತೆಗೇ ಏರುತ್ತದೆ. ಸತ್ತ ಕೋಶಕ್ಕೆ ನೀಲಿ ಹಿಡಿಸುವ ಟ್ರಿಪಾನ್ ಬ್ಲೂ ಹಾಕಿ ಕೋಶ ಎಣಿಸಿಯೂ ನೋಡಿ.

ಡಿಸ್ಕ್ ಡಿಫ್ಯೂಷನ್ ಬಿಟ್ಟುಬಿಡಿ. ಗ್ರಾಫೀನ್ ಹಾಳೆಗಳು ಬ್ಯಾಕ್ಟೀರಿಯಾ ಬೆಳೆಸುವ ಅಗರ್ ಜೆಲ್ಲಿಯಲ್ಲಿ ಹರಡುವುದಿಲ್ಲ, ಹರಡುವುದು ಕರಗಿದ ಜಿಂಕ್ ಅಯಾನು. ಬ್ಯಾಕ್ಟೀರಿಯಾವನ್ನು ಬ್ರಾತ್‌ನಲ್ಲಿ (ದ್ರವ ಆಹಾರದಲ್ಲಿ) ಬೆಳೆಸಿ, ಅಗರ್ ಮೇಲೆ ಹಚ್ಚಿ ಕಾಲೊನಿ ಎಣಿಸಿ. ಓಡಿ (ದ್ರವ ಎಷ್ಟು ಕದಡಿದೆ ಅನ್ನುವ ಅಳತೆ) ನಂಬಬೇಡಿ, ವಸ್ತುವೇ ಕದಡಿದ ಹಾಗಿರುತ್ತದೆ. ಅಷ್ಟೇ ಜಿಂಕ್ ಇರುವ ಜಿಂಕ್ ಕ್ಲೋರೈಡ್ ಕಂಟ್ರೋಲ್ ಇಲ್ಲದಿದ್ದರೆ ಗ್ರಾಫೀನ್ ಏನು ಮಾಡಿತು ಅಂತ ಹೇಗೆ ಹೇಳುತ್ತೀರಿ?

ಇನ್ನು ಯಾವ ಕ್ಯಾನ್ಸರ್ ಕೋಶ ಚೆನ್ನಾಗಿ ಸಾಯುತ್ತದೆ ಅನ್ನುವ ಹುಡುಕಾಟವೇ ನನಗೆ ಸರಿ ಕಾಣುವುದಿಲ್ಲ. ಫಿನಾಯಿಲ್ ಹಾಕಿದರೂ ಸಾಯುತ್ತವೆ, ಅಲ್ವಾ? ಯುರೋಪಿನಲ್ಲಿ ರೋಗಿಗಳವರೆಗೆ ಹೋದ ಲೋಹದ ಆಕ್ಸೈಡ್‌ಗಳನ್ನು ನೋಡಿ. ಮಿದುಳಿನ ಗಡ್ಡೆಗೆ 2010ರಲ್ಲಿ ಒಪ್ಪಿಗೆ ಸಿಕ್ಕ ಐರನ್ ಆಕ್ಸೈಡ್ ಬದಲಾಗುವ ಅಯಸ್ಕಾಂತ ಕ್ಷೇತ್ರದಲ್ಲಿ ಬಿಸಿಯಾಗಿ ಕೆಲಸ ಮಾಡುತ್ತದೆ. ಮೃದು ಅಂಗಾಂಶದ ಕ್ಯಾನ್ಸರ್ ಆದ ಸಾರ್ಕೋಮಾಗೆ 2019ರಲ್ಲಿ ಒಪ್ಪಿಗೆ ಸಿಕ್ಕ ಹ್ಯಾಫ್ನಿಯಂ ಆಕ್ಸೈಡ್ ರೇಡಿಯೇಷನ್ ಏಟನ್ನು ಗಡ್ಡೆಯೊಳಗೆ ಹೆಚ್ಚಿಸುತ್ತದೆ. ಎರಡೂ ತಮ್ಮ ವಿಷದಿಂದ ಕೊಲ್ಲುವುದಲ್ಲ.

ಎಂಸಿಎಫ್-7, ಹೀಲಾ ಯಾವುದಾದರೂ ತಗೊಳ್ಳಿ. ಕ್ಯಾನ್ಸರ್ ಗಡ್ಡೆಯಿಂದ ಬಾರದ ಎಲ್929 ಕೋಶಗಳಿಗೂ (ಇಲಿಯ ಫೈಬ್ರೋಬ್ಲಾಸ್ಟ್) ಅದೇ ದಿನ, ಅದೇ ಡೋಸ್ ಹಾಕಿ.